ಬೆಳ್ಳಿ ತುಂಬಿದ ದವಡೆ ಹಲ್ಲು

ಹುಳುಕು ಕೆರೆದು ಬೆಳ್ಳಿ ತುಂಬಿದರೆ ದವಡೆ ಹಲ್ಲು ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ನಮ್ಮ ಸೀಮೆಯ ಜನರ ತಲೆಗೆ ತುಂಬಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕರೆ ಅವನ ಹಲ್ಲಷ್ಟನ್ನೂ ಪುಕ್ಕಟೆ ಕೀಳುತ್ತೇನೆ. ಯುದ್ಧದ ಕಾಲದಲ್ಲಿ ಪೆಟ್ಟಿಗೆ ಹಿಡಿದು ಹೊನ್ನಾಳಿಯಿಂದ ಜಗಳೂರಿನವರೆಗೆ ಸುತ್ತುತ್ತಿದ್ದ ಹಲ್ಲಿನ ಡಾಕ್ಟರು ನಾನು. ಕೊರೆದಷ್ಟೂ ಹಲ್ಲಿನ ಗೋಡೆ ತೆಳುವಾಗುತ್ತದೆ, ಗಟ್ಟಿ ಪದಾರ್ಥ ಕಡಿಯಬೇಡಿ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಯಾರು ಕೇಳಬೇಕು? ಒಡೆಯುವುದು ಅವರ ಹಲ್ಲು, ಕೆಡುವುದು ನನ್ನ ಹೆಸರು. ಇದು ಒಂದು ದಿನದ ಗೋಳಲ್ಲ.

ನ್ಯಾಮತಿಯ ಮೇಷ್ಟ್ರು

ಎಡಗಡೆ ಹಲ್ಲಿಗೆ ಬೆಳ್ಳಿ ತುಂಬಿ ಮುಗಿಸಿದರೂ ಈ ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ. ಬಲಗಡೆಗೂ ಹಾಕಿ ಎಂದರು.

“ಅಲ್ಲಿ ಹುಳುಕೇ ಇಲ್ಲವಲ್ಲ ಸ್ವಾಮಿ!”

“ಹುಳುಕು ಬರಾಕ್ ಮುಂಚೇನೇ ಗಟ್ಟಿ ಮಾಡಿಸ್ಕೊಂಡ್ರೆ ತಪ್ಪೇನ್ರಿ?”

“ತುಂಬೋದಕ್ಕೆ ತೂತು ಬೇಡವೇ?” ಎಂದು ರೇಗಿದೆ.

“ಅದಕ್ಯಾಕೆ ಸಿಟ್ಟು? ಕೊರೆಯೋ ಯಂತ್ರ ನಿಮ್ಮ ಕೈಯಾಗೇ ಐತಲ್ರಿ” ಎಂದು ಬಾಯಿ ತೆರೆದು ಕೂತರು.

ಜಗಳೂರಿನ ಬಸ್ಸು

ಡ್ರೈವರು ಹಿಂದಿನ ವಾರ ನನ್ನಿಂದ ದವಡೆ ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡವನೇ. ಬಸ್ಸಿನ ಮೇಲೇರಿ, ಸಾಮಾನು ಕಟ್ಟಿದ ಹಗ್ಗದ ಗಂಟನ್ನು ಅದೇ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಕೆಳಗಿನಿಂದಲೇ ಚೆನ್ನಾಗಿ ಬೈದೆ.

“ಟ್ಯೂಬಿಗೆ ಪ್ಯಾಚ್ ಹಾಕಿದ್ಮೇಲೆ ಗಾಡಿ ಓಡಿಸ್ಬಾರ್ದು ಅಂತೀರೇನ್ರಿ?” ಎಂದು ನನ್ನನ್ನೇ ಕೇಳಿದ. ಪ್ರಯಾಣಿಕರೆಲ್ಲ ಹೋ ಎಂದು ನಕ್ಕರು.

ಜಗಳೂರು ಇನ್ನೂ ದೂರವಿರುವಾಗಲೇ ಪ್ಯಾಚ್ ಹಾಕಿದ ಟ್ಯೂಬು ಢಬ್ ಎಂದಿತು. ಆ ಬಿಸಿಲಲ್ಲಿ ನಿಂತು ನಕ್ಕವನು ನಾನೊಬ್ಬನೇ.

ಚನ್ನಗಿರಿಯ ಸಾಹುಕಾರರು

ಇವರದು ಅಡಿಕೆ ವ್ಯಾಪಾರ. ಕೊಳ್ಳುವವರ ಎದುರಿಗೆ ಒಣಗಿದ ಅಡಿಕೆಯನ್ನು ದವಡೆಗಿಟ್ಟು ಕಟಕ್ಕನೆ ಒಡೆದು ತೋರಿಸಿದರೇನೇ ಇವರಿಗೆ ಸಮಾಧಾನ. ಹಾಗೆ ಒಡೆದೊಡೆದು ಒಂದೇ ಒಂದು ದವಡೆ ಹಲ್ಲು ಉಳಿದಿತ್ತು. ಅದಕ್ಕೆ ಬೆಳ್ಳಿ ತುಂಬಿ, “ಇದಕ್ಕೆ ಅಡಿಕೆ ಮುಟ್ಟಿಸಿದರೆ ನನ್ನ ಮುಖ ನೋಡಬೇಡಿ” ಎಂದು ಗದರಿ ಕಳಿಸಿದ್ದೆ.

ಮರುದಿನವೇ ಕೆನ್ನೆ ಊದಿಸಿಕೊಂಡು ಬಂದರು. ಹಲ್ಲು ಎರಡು ಹೋಳು!

“ಆಯ್ತು, ಊರ ಮುಂದೆ ನನ್ನ ಮಾನ ತೆಗೆದಿರಿ!” ಎಂದು ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದೆ.

“ಛೆ ಛೆ, ಅಡಿಕೆ ಮಂಡಿ ತುಂಬ ನಿಮ್ಮನ್ನ ಹೊಗಳಿ ಬಂದೀನ್ರಿ!” ಎಂದು ಸಾಹುಕಾರರು ಪಂಚೆಯ ಚುಂಗಿನಿಂದ ಬೆಳ್ಳಿಯ ತುಣುಕು ಬಿಚ್ಚಿ ನನ್ನ ಅಂಗೈಗಿಟ್ಟರು. “ನೋಡ್ರಿ, ನೀವು ಹಾಕಿದ್ದಕ್ಕೆ ಒಂದು ಗೀರೂ ಬಿದ್ದಿಲ್ಲ. ಕೈ ಕೊಟ್ಟಿದ್ದು ನನ್ನ ಹಲ್ಲೇ. ಈಗ ಇದರ ಸುತ್ತ ಒಂದು ಹಲ್ಲು ಕಟ್ಟಿಕೊಡ್ರಿ.”