ಕೈ ಮುಗಿದವರನ್ನು ಹೊರಹಾಕಿದ ಅಂಪೈರ್‌ಗೆ

‘ಹೋಶಿಕಾಜೆ’ ಎಂಬ ಹೊಡೆದಾಟದ ಮೊಬೈಲ್ ಆಟದಲ್ಲಿ ಮೋಸಗಾರರನ್ನು ಹಿಡಿಯುವ ಸ್ವಯಂಚಾಲಿತ ಅಂಪೈರ್ ಅವರ ಸನ್ನಿಧಿಗೆ ಮಾನ್ವಿಯಿಂದ ಸಂಘಮಿತ್ರಾ ಮಾಡುವ ನಮಸ್ಕಾರಗಳು. ಈ ನಮಸ್ಕಾರವನ್ನಾದರೂ ಅಪರಾಧವೆಂದು ಎಣಿಸಬಾರದೆಂದು ಕೋರಿಕೆ.

ಮಾನ್ಯರೇ,

ತಮಗೆ ನಿದ್ದೆಯಿಲ್ಲ, ನೆಂಟರಿಲ್ಲ. ತಮ್ಮಷ್ಟು ನಿಷ್ಪಕ್ಷಪಾತಿಗಳು ಇನ್ನೊಬ್ಬರಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಳೆದ ವಾರ ತಾವು ನನ್ನನ್ನೂ ಗೆಳತಿ ನಾಗವೇಣಿಯನ್ನೂ ‘ಒಳಸಂಚು ಮಾಡಿದ ಆಟಗಾರರು’ ಎಂದು ಹೊರಹಾಕಿದಿರಿ. ಕನ್ನಡ ಎಂ.ಎ. ಮುಗಿಸಿಯೂ ಬಸ್ಸಿನಲ್ಲಿ ‘ಇಲ್ಲಿ ನಿಲ್ಲಿಸ್ರಿ’ ಎನ್ನಲು ನಾಚಿ, ಮುಂದಿನ ನಿಲ್ದಾಣದಿಂದ ನಡೆದು ಬರುವ ನನ್ನಲ್ಲಿ ಸಂಚು ಮಾಡುವ ಧೈರ್ಯವನ್ನು ಗುರುತಿಸಿದ ಮೊದಲಿಗರು ತಾವು. ಮನೆಯವರಿಗೆಲ್ಲ ಹೆಮ್ಮೆಯಾಗಿದೆ.

ಆಟವನ್ನು ನಾನು ದೂರುವುದಿಲ್ಲ. ರಾಯಚೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಅದನ್ನು ಕಲಿತ ದಿನದಿಂದಲೂ ಅದಕ್ಕೆ ಜನ ಕೊಟ್ಟಿರುವುದು ಐದರಲ್ಲಿ ಎರಡೇ ನಕ್ಷತ್ರ, ಅದು ಅನ್ಯಾಯ. ಕೈಯಲ್ಲಿ ಬಿಡಿಸಿದಂಥ ಜಪಾನಿ ಅನಿಮೆ ಚಿತ್ರಗಳು, ಹಳೆಯ ಫೋನಿನಲ್ಲೂ ತಡವರಿಸದ ಓಟ, ಮಡಚಿದ ಛತ್ರಿಯಿಂದಲೇ ಮಹಾವೀರರನ್ನು ಉರುಳಿಸುವ ಮುದುಕಿ, ಇನ್ನೇನು ಬೇಕು? ಕೊರತೆಗಳೂ ಧಾರಾಳವಾಗಿವೆ. ಹಿಮದ ಬೆಟ್ಟದ ಮೇಲೆ ಹೋರಾಡುವ ಹುಡುಗಿಯರಿಗೆ ಕೊಟ್ಟ ಬಟ್ಟೆ ನೋಡಿದರೆ ನಮಗೇ ನೆಗಡಿಯಾಗುತ್ತದೆ. ಪ್ರತಿ ವೀರನೂ ಹೊಡೆಯುವ ಮೊದಲು ಆ ಹೊಡೆತದ ಪೂರ್ತಿ ಹೆಸರನ್ನು ಕೂಗುವುದರೊಳಗೆ ಎದುರಾಳಿ ಚಹಾ ಕುಡಿದು ಬರಬಹುದು. ನಮ್ಮ ಓಣಿಯ ನಳದ ಜಗಳಗಳಲ್ಲೂ ಇದೇ ಪದ್ಧತಿ ಇರುವುದರಿಂದ ನಮಗದು ಒಗ್ಗಿತು. ಎದುರಾಳಿಗಳು ಕಾಯುವ ಕೊಠಡಿ ಮಾತ್ರ ಸದಾ ಖಾಲಿ. ನಮ್ಮಿಬ್ಬರನ್ನೂ ಹೊರಹಾಕಿದ ಮೇಲೆ ತಮಗೆ ಪೂರ್ಣ ವಿಶ್ರಾಂತಿ ದೊರೆತಿರಬೇಕು.

ನಾಗವೇಣಿ ಈಗ ಮದುವೆಯಾಗಿ ಮಸರಕಲ್ ಸೇರಿದ್ದಾಳೆ. ಆ ತುಂಬಿದ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಎಲ್ಲರೂ ಕೇಳುವುದು ಪ್ರೀತಿಯ ವಾಡಿಕೆ. ಹೀಗಾಗಿ ನಮ್ಮ ಸಂಭಾಷಣೆ ‘ಊಟ ಆತೇನು’ ಎಂಬಲ್ಲಿಂದ ಮುಂದೆ ಹೋಗದು. ಸಂದೇಶಗಳೂ ಒಂದೆರಡು ಸಾಲಿನವೇ. ನಾವು ನಿಜವಾಗಿ ಮಾತಾಡುತ್ತಿದ್ದುದು ತಮ್ಮ ಕಣದಲ್ಲಿಯೇ. ಅವಳು ಒಂದೇ ಸಮನೆ ಒದ್ದರೆ ಮನಸ್ಸು ಸರಿಯಿಲ್ಲ, ತಡೆದು ತಡೆದು ಹೊಡೆದರೆ ತವರಿಗೆ ಬರುವವಳಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು.

ಕಳೆದ ವಾರ ಒಂದು ದಿನ ಅವಳ ಅತ್ತೆ ಅಂಬಮ್ಮನವರು ಪಕ್ಕದಲ್ಲಿ ಕುಳಿತು ಆಟ ನೋಡುತ್ತಿದ್ದಾರೆಂದು ಸಂದೇಶ ಬಂತು. ಹಿರಿಯರ ಎದುರು ಏಕಾಏಕಿ ಒದೆಯುವುದು ಹೇಗೆಂದು ನಾನು ತಾವೇ ಇಟ್ಟಿರುವ ನಮಸ್ಕಾರದ ಗುಂಡಿ ಒತ್ತಿದೆ. ಬಾಗಿ ನಿಂತವರಿಗೆ ಬಿದ್ದ ಪೆಟ್ಟು ಇಮ್ಮಡಿ ಎಂಬುದು ತಮ್ಮ ನಿಯಮ. ಮುದುಕಿಯ ವೇಷದ ನಾಗವೇಣಿ ಛತ್ರಿ ಎತ್ತಿಯೂ ಬಿಟ್ಟಿದ್ದಳು. ಆಗ ಅಂಬಮ್ಮನವರು ಹೇಳಿದ್ದನ್ನು ಅವಳು ಆಮೇಲೆ ಬರೆದು ಕಳಿಸಿದಳು: “ಕೈ ಮುಗದಾಕಿಗಿ ಹೊಡೀತಾರೇನ್ ಯವ್ವಾ? ಮೊದಲ ನೀನೂ ಮುಗಿ.”

ಅವಳು ಬಾಗಿದಳು. ಅದು ಅತ್ತೆಯವರ ನಮಸ್ಕಾರವೆಂದು ತಿಳಿದು ನಾನು ಮತ್ತೆ ಬಾಗಿದೆ. ನಮ್ಮ ಮನೆಯ ‘ಜೈಭೀಮ್’ ಎಂಬುದಕ್ಕೂ ಅವರ ಮನೆಯ ‘ಶರಣು’ ಎಂಬುದಕ್ಕೂ ಉತ್ತರ ಕೊಡದೆ ಸುಮ್ಮನಿರುವ ರೂಢಿ ನಮ್ಮ ಕಡೆ ಇಲ್ಲವಾದ್ದರಿಂದ ಅವಳೂ ಮತ್ತೆ ಬಾಗಿದಳು. ವೇಳೆ ಮುಗಿಯಿತು. ಮರುದಿನವೂ, ಅದರ ಮರುದಿನವೂ ಅತ್ತೆ ಪಕ್ಕದಲ್ಲೇ ಇದ್ದರು. ಯಾರೂ ಯಾರನ್ನೂ ಹೊಡೆಯಲಿಲ್ಲ. ಮೂರೂ ಆಟ ಸಮವಾದದ್ದರಲ್ಲಿ ತಾವು ಸಂಚನ್ನು ಪತ್ತೆ ಹಚ್ಚಿದಿರಿ.

ಆದ್ದರಿಂದ ನಮ್ಮನ್ನು ಮರಳಿ ಒಳಗೆ ಬಿಡಬೇಕು. ಆಗದಿದ್ದರೆ ತಾವೇ ಮಸರಕಲ್‌ಗೆ ದಯಮಾಡಿಸಿ, ಅಂಬಮ್ಮನವರು “ಬರ್ರಿ, ಕೂಡ್ರಿ” ಎಂದು ನೀರಿನ ಚರಿಗೆ ಮುಂದಿಟ್ಟಾಗ ಉತ್ತರಿಸದೆ ಛತ್ರಿಯಿಂದ ಒಂದೇಟು ಹೊಡೆದು, ನ್ಯಾಯವಾದ ಆಟ ಹೇಗಿರುತ್ತದೆಂದು ತೋರಿಸಿಕೊಡಬೇಕು.

ಬಾಗಿದ ಭಂಗಿಯಲ್ಲೇ ಉತ್ತರಕ್ಕಾಗಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಸಂಘಮಿತ್ರಾ

ವಿ.ಸೂ.: ಆಟ ನಿಂತದ್ದು ಕಂಡು ಅಂಬಮ್ಮನವರು ಸೊಸೆಗೆ, “ಆಕಿನ್ನ ಮನಿಗೇ ಕರಿಯವ್ವಾ, ಇಲ್ಲೇ ಎದುರುಬದುರು ಕುಂತು ಬಡದಾಡ್ರಿ” ಎಂದಿದ್ದಾರೆ. ಭಾನುವಾರ ಹೋಗುತ್ತಿದ್ದೇನೆ, ಈ ಸಲ ‘ಇಲ್ಲಿ ನಿಲ್ಲಿಸ್ರಿ’ ಎಂದು ಹೇಳಲೇಬೇಕು, ಬಾಯಿಪಾಠ ಮಾಡುತ್ತಿದ್ದೇನೆ. ಹೊಸ್ತಿಲಲ್ಲಿ ಕೈ ಮುಗಿಯುತ್ತೇನೆ. ಅಲ್ಲಿ ಅಂಪೈರ್ ಇಲ್ಲವಾದ್ದರಿಂದ ಪೆಟ್ಟು ಬೀಳಲಾರದು.