ಹಲ್ಲಿನ ಡಾಕ್ಟರ ಕೊರಳಿಗೆ ಹಲ್ಲಿನ ಪಟ್ಟಿ

ಹಲ್ಲಿನ ಡಾಕ್ಟರನ್ನು ಅವರ ನಾಯಿ ದಿನಾ ಬೆಳಿಗ್ಗೆ ವಾಕಿಂಗಿಗೆ ಕರೆದುಕೊಂಡು ಹೋಗುತ್ತಿತ್ತು. ಮುಂದೆ ನಾಯಿ, ಹಿಂದೆ ಬಿಗಿದ ಹಗ್ಗ, ಹಗ್ಗದ ತುದಿಯಲ್ಲಿ ಗಾಳಿಪಟದ ಬಾಲಂಗೋಚಿಯಂತೆ ಡಾಕ್ಟರು. ಇಡೀ ಬೀದಿ ತನ್ನಪ್ಪನದೇ ಎಂಬಂತೆ ನಡೆಯುವ ಆ ನಾಯಿಗೆ ಮನೆಯಲ್ಲಿ ಜಮೀನ್ದಾರ ಎಂದೇ ಹೆಸರು. ಅಂದು ಜಮೀನ್ದಾರನ ಕಣ್ಣಿಗೆ ಬೆಕ್ಕೊಂದು ಬಿತ್ತು. ಡಾಕ್ಟರು ಮೊದಲು ಓಡಿದರು, ಆಮೇಲೆ ಹಾರಿದರು, ಕೊನೆಗೆ ಯಾರದೋ ಮನೆಯ ಹೂಕುಂಡಗಳ ನಡುವೆ (ಅವರೇ ಹೇಳಿಕೊಂಡ ಪ್ರಕಾರ) 'ಸ್ವಲ್ಪ ಕುಳಿತುಕೊಂಡರು'.

ಸಂಜೆ ಪೇಟೆಯಿಂದ ಬರುವಾಗ ಒಂದು ಡಬ್ಬಿ ತಂದರು. ಅದರೊಳಗಿಂದ ಝಣಝಣ ಎನ್ನುತ್ತ ಹೊರಬಂದದ್ದು ಉಕ್ಕಿನ ಸರ. ಕೊಂಡಿಗೆ ಕೊಂಡಿ ಸಿಕ್ಕಿಸಿದ ಅದರ ಒಳಮೈಯಲ್ಲಿ ಸಾಲಾಗಿ ಮೊಂಡ ಹಲ್ಲುಗಳು.

ಡಾಕ್ಟರ ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರಮ್ಮ. ಉತ್ತರಪತ್ರಿಕೆಯಿಂದ ತಲೆ ಎತ್ತಿ ಕೇಳಿದರು, "ಏನ್ರೀ ಇದು, ಯುದ್ಧಕ್ಕೆ ಹೊರಟಿದ್ದೀರಾ?"

"ನಾಯಿಯ ಕೊರಳಪಟ್ಟಿ ಕಣೇ. ಶುದ್ಧ ವಿಜ್ಞಾನ. ಈ ಸಣ್ಣ ಸರಪಳಿ ಇದೆಯಲ್ಲ, ಇದರ ಉಂಗುರಕ್ಕೆ ಹಗ್ಗ ಕಟ್ಟೋದು. ನಾಯಿ ಎಳೆದ್ರೆ ಸರಪಳಿ ಬಿಗಿಯುತ್ತೆ, ಹಲ್ಲುಗಳೆಲ್ಲ ಸೇರಿ ಕುತ್ತಿಗೆ ಸುತ್ತ ಚಿವುಟುತ್ತವೆ. ಎಳೆಯೋದು ಬಿಟ್ರೆ ತಾನಾಗೇ ಸಡಿಲ. ಚುಚ್ಚಲ್ಲ, ಬರೀ ಚಿವುಟುತ್ತೆ. ನೋವೇ ಆಗಲ್ಲ."

"ನೋವೇ ಆಗಲ್ಲ ಅಂತ ನೀವು ಹೇಳಿದ ಕೂಡಲೇ ಪೇಷಂಟುಗಳು ಕುರ್ಚಿ ಬಿಟ್ಟು ಓಡ್ತಾರೆ. ಪಾಪ, ಇದು ಎಲ್ಲಿಗೆ ಓಡಬೇಕು? ಮೊದಲು ನಿಮ್ಮ ಕೊರಳಿಗೆ ಹಾಕ್ಕೊಂಡು ತೋರಿಸಿ."

ವಿಜ್ಞಾನದ ಮಾನ ಉಳಿಸಲೇಬೇಕಾಯಿತು. ಪಟ್ಟಿ ಕೆಳಗೆ ಜಾರಬಾರದು, ಕಿವಿಯ ಹಿಂದೆ ಎತ್ತರದಲ್ಲಿ ಕೂರಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಡಾಕ್ಟರು ಹಾಗೆಯೇ ಕೊಂಡಿ ಸಿಕ್ಕಿಸಿಕೊಂಡು, ಹಗ್ಗದ ತುದಿಯನ್ನು ಹೆಂಡತಿಯ ಕೈಗಿತ್ತು, ಗಂಭೀರವಾಗಿ ನಿಂತು, "ಮೆಲ್ಲಗೆ ಎಳಿ" ಎಂದರು.

ಟೀಚರಮ್ಮ ಮೆಲ್ಲಗೇ ಎಳೆಯುವವರಿದ್ದರು. ಆದರೆ ಹಗ್ಗ ಕಂಡ ಜಮೀನ್ದಾರನಿಗೆ ಇನ್ನೊಂದು ಸುತ್ತು ತಿರುಗಾಟದ ಯೋಗ ಕೂಡಿಬಂತೆನಿಸಿ, ಕುಣಿದು ಟೀಚರಮ್ಮನ ಎದೆಗೇ ಹಾರಿತು. ಅವರು ಹಗ್ಗಸಮೇತ ಸೋಫಾದ ಮೇಲೆ ಬಿದ್ದರು. ಡಾಕ್ಟರ ಕಂಠದಿಂದ, ಮದುವೆಯಾದಂದಿನಿಂದ ಆ ಮನೆ ಕೇಳಿರದ ಒಂದು ಸ್ವರ ಹೊರಟಿತು.

"ಬಿಚ್ಚು, ಬಿಚ್ಚು ಇದನ್ನ."

ತಲೆಯ ಮೇಲಿಂದ ಎಳೆದರೆ ಕಿವಿ ಅಡ್ಡ ಬಂತು. ಒಂದು ಕೊಂಡಿಯ ಎರಡು ಹಲ್ಲುಗಳನ್ನೂ ಒತ್ತಿ ಹಿಡಿದು ಪಕ್ಕದ ಕೊಂಡಿಯಿಂದ ಬಿಡಿಸಬೇಕಂತೆ. ಕುತ್ತಿಗೆಯ ಹಿಂದೆ ಡಾಕ್ಟರ ಕೈಗೆ ಅದು ಸಿಗಲಿಲ್ಲ. ಟೀಚರಮ್ಮನ ಬೆರಳಿಗೆ ಬಗ್ಗಲಿಲ್ಲ. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಟೀಚರಮ್ಮ ಗಂಡನನ್ನು ಪೇಷಂಟಿನ ಕುರ್ಚಿಯಲ್ಲಿ ಕೂರಿಸಿ, ತಲೆ ಬಗ್ಗಿಸಿ, ದೀಪ ಹಾಕಿ, ಹಲ್ಲು ಕೀಳುವ ಇಕ್ಕಳ ಎತ್ತಿಕೊಂಡರು.

ಪರದೆಯ ಆಚೆ ಆಗಷ್ಟೇ ಬೇಕರಿಯವನು ಬಂದು ಬೆಂಚಿನ ಮೇಲೆ ಕುಳಿತಿದ್ದ. ಕೆನ್ನೆ ಅವನೇ ಮಾಡುವ ಬನ್ನಿನಂತೆ ಊದಿತ್ತು. ಇವತ್ತು ನಾಳೆ ಎಂದು ಮುಂದೂಡಿ, ಹೇಗೋ ಧೈರ್ಯ ಮಾಡಿ ಬಂದಿದ್ದ. ಒಳಗಿನದು ಅವನಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಅಲ್ಲಾಡಬೇಡಿ ಅಂದ್ರೆ."

"ಹಲ್ಲು ಹಿಡಿಯೇ, ಚರ್ಮ ಹಿಡೀಬೇಡ."

"ಹಲ್ಲನ್ನೇ ಹಿಡಿದಿದ್ದೀನಿ. ಎರಡೂ ಒಟ್ಟಿಗೆ ಬರಬೇಕಾ?"

"ಎರಡೂ ಒಟ್ಟಿಗೇ. ಅಯ್ಯಯ್ಯೋ, ನಿಧಾನ."

"ನೋವೇ ಆಗಲ್ಲ ಅಂದ್ರಲ್ಲ."

ಟಕ್ ಎಂದಿತು.

"ಅಬ್ಬಾ, ಹೋದ ಜೀವ ಬಂತು. ನಿನ್ನ ಕೈ ಬಲು ಹಗುರ ಕಣೇ."

ಬೇಕರಿಯವನು ಸದ್ದಿಲ್ಲದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ಟೀಚರಮ್ಮನೇ ಹಳೆಯ ಬಟ್ಟೆಪಟ್ಟಿ ಕಟ್ಟಿ ಜಮೀನ್ದಾರನನ್ನು ಹೊರಗೆ ಕರೆದೊಯ್ದರು. ಡಾಕ್ಟರು ಕುತ್ತಿಗೆಗೆ ಮಫ್ಲರ್ ಸುತ್ತಿ ಹಿಂದೆ ನಡೆದರು. ನಾಯಿ ಎಳೆದರೆ ಟೀಚರಮ್ಮ ದೀಪದ ಕಂಬದಂತೆ ನಿಂತುಬಿಡುವರು. ಹಗ್ಗ ಸಡಿಲಾದರೆ ಹೊರಡುವರು. ಗೇಟಿನಿಂದ ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಹಾಲಿನವನು ಎರಡು ಬೀದಿ ಮುಗಿಸಿದ್ದ. ಆದರೆ ತಿರುವಿನಲ್ಲಿ ಜಮೀನ್ದಾರ ಒಮ್ಮೆ ಹಿಂದಿರುಗಿ ಟೀಚರಮ್ಮನ ಮುಖ ನೋಡಿತು, ಬಾಲ ಆಡಿಸಿತು, ಪಕ್ಕಕ್ಕೆ ಬಂದು ಹೆಜ್ಜೆ ಹಾಕತೊಡಗಿತು. ಹಗ್ಗ ಉಯ್ಯಾಲೆಯಂತೆ ಜೋತುಬಿತ್ತು. ಡಾಕ್ಟರಿಗೆ ಎಷ್ಟು ಖುಷಿಯಾಯಿತೆಂದರೆ, ನಡುಬೀದಿಯಲ್ಲೇ ಚಪ್ಪಾಳೆ ತಟ್ಟಿದರು.

ಮನೆಗೆ ಮರಳಿದಾಗ ಇನ್ನೂ ದೊಡ್ಡ ಖುಷಿ. ಕ್ಲಿನಿಕ್ಕಿನ ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಬೇಕರಿಯವನು, ಅವನ ಪಕ್ಕದಲ್ಲಿ ಅವನತ್ತೆ.

"ಬನ್ನಿ, ಬನ್ನಿ" ಎಂದು ಡಾಕ್ಟರು ಮಫ್ಲರ್ ಸರಿಮಾಡಿಕೊಂಡು ಬಾಗಿಲು ತೆರೆದರು. "ಯಾರು ಮೊದಲು?"

ಯಾರೂ ಅಲ್ಲಾಡಲಿಲ್ಲ. ಬೇಕರಿಯವನು ಕೆನ್ನೆ ಹಿಡಿದುಕೊಂಡೇ ಎದ್ದು, ಡಾಕ್ಟರನ್ನು ದಾಟಿ ಹೋಗಿ, ಟೀಚರಮ್ಮನಿಗೆ ಕೈ ಮುಗಿದ.

"ಡಾಕ್ಟ್ರು ತಮ್ಮ ಎರಡು ಹಲ್ಲನ್ನ ಒಂದೇ ಸಲಕ್ಕೆ ನಿಮ್ಮ ಹತ್ರ ಕೀಳಿಸ್ಕೊಂಡಿದ್ದು ನಾನೇ ಕೇಳಿಸ್ಕೊಂಡಿದ್ದೀನಿ ಅಮ್ಮಾ. ನಮಗೂ ನೀವೇ ಕಿತ್ತುಬಿಡಿ. ಇವರು ಬೇಕಾದ್ರೆ ಪಕ್ಕದಲ್ಲಿ ದೀಪ ಹಿಡ್ಕೊಳ್ಳಲಿ."