ಮೇಷ್ಟ್ರ ಪುಸ್ತಕಕ್ಕೆ ನಾನು ಹಾಕಿದ ಕತ್ತರಿ

ನಾನು ಓದದ ಕಾಗದ ಅರಸೀಕೆರೆಯಲ್ಲೇ ಇಲ್ಲ ಎಂದರೆ ಅದು ಸುಳ್ಳು. ಆದರೆ ತೀರಾ ದೊಡ್ಡ ಸುಳ್ಳೇನಲ್ಲ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿಕೊಂಡು ಓದುವವಳು ನಾನು. ಸುದ್ದಿ ಅರ್ಧಕ್ಕೆ ಹರಿದಿದ್ದರೆ, ಮುಂದೇನಾಯಿತೋ ಎಂಬ ಕುತೂಹಲಕ್ಕೆ ಇನ್ನೊಂದು ಪೊಟ್ಟಣ ಬೋಂಡ ತರಿಸಿದ್ದೂ ಉಂಟು! ಲೈಬ್ರರಿ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಈ ಮಾತು ಮೂರನೇ ಸಲ’, ‘ಇವಳು ಈಗ ಯಾಕೆ ಅಳುತ್ತಾಳೆ?’ ಎಂದು ಬರೆಯುವುದು ನನ್ನ ಹಳೆಯ ಚಾಳಿ.

ಆ ಚಾಳಿಯೇ ನನ್ನನ್ನು ಎಡಿಟರ್ ಮಾಡಿತು. ಗೆಂಡೆಹಳ್ಳಿ ಕಡೆಯ ರುದ್ರಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮೂರಲ್ಲೇ ಮನೆ ಮಾಡಿದ್ದಾರೆ. ಒಂದು ದಿನ ಅವರು ನನ್ನನ್ನು ಹುಡುಕಿಕೊಂಡು ಬಂದರು.

“ಲೈಬ್ರರಿ ಪುಸ್ತಕದಲ್ಲಿರೋ ಪೆನ್ಸಿಲ್ ಬರಹ ನಿಮ್ಮದೇ ಏನಮ್ಮಾ?”

“ಅಳಿಸಿಕೊಡ್ತೀನಿ ಸಾರ್!” ಎಂದೆ, ಹೆದರಿ.

“ಅಯ್ಯೋ, ಬೇಡಿ. ನಾನೂ ನನ್ನ ಬದುಕಿನ ಕಥೆ ಬರೆದಿದ್ದೀನಿ. ಅದನ್ನೂ ಹಂಗೇ ತಿದ್ದಿಕೊಡಿ” ಎಂದು ದಪ್ಪನೆಯ ನೋಟ್‌ಬುಕ್ ಕೈಗಿಟ್ಟರು. “ತಾಯಿ ಇಲ್ಲದ ನನ್ನ ಸಾಕಿ ಓದಿಸಿದೋಳು ನಮ್ಮ ಸಿದ್ದಕ್ಕ. ಅವಳಿಗೆ ಓದೋಕೆ ಬರಲ್ಲ. ಬೇಲೂರಲ್ಲಿ ಬಿಡುಗಡೆ ಇಟ್ಕೊಂಡು, ಅವಳನ್ನ ಮುಂದಿನ ಸಾಲಲ್ಲಿ ಕೂರಿಸಿ, ಅವಳ ವಿಷಯ ಓದಿ ಕೇಳಿಸಬೇಕು. ಅಷ್ಟೇ ನನ್ನಾಸೆ.”

ನಾನು ಕೆಂಪು ಪೆನ್ನು ಕೊಂಡೆ. ಎಡಿಟರುಗಳು ನಿಜಕ್ಕೂ ಏನು ಮಾಡುತ್ತಾರೆ ಎಂದು ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ‘ಕಥೆಯನ್ನು ಮುಂದೆ ಒಯ್ಯದ ಸಾಲನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ’ ಎಂದು ಒಬ್ಬರು ಹೇಳಿದರು. ನಾಲ್ಕು ವಿಡಿಯೋದಲ್ಲಿ ನನಗೆ ಅರ್ಥವಾದದ್ದು ಅದೊಂದೇ!

ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಹೆಸರುಗಳೋ ಹೆಸರುಗಳು. ಅವರು ಕಾಲೇಜಿಗೆ ಹೊರಟ ದಿನ ಬಸ್ಸಿನ ತನಕ ಬಂದವರೇ ಇಪ್ಪತ್ತಮೂರು ಜನ. ಅಷ್ಟು ಜನ ಯಾಕೆ ಬಂದರು ಎಂದು ನನಗೂ ಕುತೂಹಲ ಹುಟ್ಟಿತು. ಆದರೆ ನಾನೀಗ ಎಡಿಟರ್! ಇಪ್ಪತ್ತಮೂರು ಜನರನ್ನೂ ಹೊಡೆದುಹಾಕಿದೆ. ಇನ್ನು ಪ್ರತಿ ಅಧ್ಯಾಯವೂ ‘ಸಿದ್ದಕ್ಕ ಬುತ್ತಿ ಕಟ್ಟಿಕೊಟ್ಟಳು’ ಎಂದೇ ಮುಗಿಯುತ್ತಿತ್ತು. ಅವರು ನಿವೃತ್ತರಾದ ದಿನವೂ ಬುತ್ತಿ! ಎಲ್ಲ ಬುತ್ತಿಗಳನ್ನೂ ತೆಗೆದು, ಒಂದೇ ಒಂದು ಕಡೆ ‘ಮನೆಯವರ ಸಹಕಾರ ಸದಾ ಇತ್ತು’ ಎಂದು ಬರೆದೆ. ಮನೆಯವರು ಎಂದರೆ ಅಕ್ಕನೂ ಬಂದಳಲ್ಲ! ಓದಿಕೊಂಡು ನನಗೇ ರೋಮಾಂಚನವಾಯಿತು.

ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು ಇಣುಕಿ ನೋಡಿದರು. “ಹೆಸರು ಯಾಕೆ ಹೊಡೀತಿದ್ದೀಯೇ? ನಮ್ಮ ಲಗ್ನಪತ್ರಿಕೇಲಿ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದ್ದಕ್ಕೆ ಇವತ್ತಿಗೂ ಅವರು ನಮ್ಮನೇಲಿ ಕಾಫಿ ಕುಡಿಯಲ್ಲ.”

“ಇದು ಸಾಹಿತ್ಯ ಕಣ್ರೀ, ಲಗ್ನಪತ್ರಿಕೆ ಅಲ್ಲ!”

“ಆಯ್ತು ಕಣಮ್ಮ, ಎಡಿಟರಮ್ಮ.”

ಮೇಷ್ಟ್ರಿಗೆ ಆಗತಾನೇ ಕಣ್ಣಿನ ಆಪರೇಷನ್ ಆಗಿತ್ತು. “ನೀವು ನೋಡಿದ ಮೇಲೆ ಮುಗೀತು” ಎಂದು ಒಂದು ಪುಟವನ್ನೂ ತಿರುವದೆ ಅಚ್ಚಿಗೆ ಕೊಟ್ಟುಬಿಟ್ಟರು.

ಬೇಲೂರಿನ ಸಮುದಾಯ ಭವನ ನೆಂಟರಿಂದ ತುಂಬಿತ್ತು. ಪುಸ್ತಕ ಹಂಚಿದ್ದೇ ತಡ, ಮೊದಲ ಪುಟ ಓದಿದವರು ಒಬ್ಬರೂ ಇಲ್ಲ. ಎಲ್ಲರ ಬೆರಳೂ ತಮ್ಮ ತಮ್ಮ ಹೆಸರು ಹುಡುಕುತ್ತಿತ್ತು. ಕಣಕಟ್ಟೆಯಿಂದ ಬಂದಿದ್ದ ಮೇಷ್ಟ್ರ ಭಾವ ಎದ್ದೇ ನಿಂತರು. “ನನ್ ಹೆಸ್ರು ಐತೆ ಅಂದಿದ್ರಲ್ಲ ಮೇಷ್ಟ್ರೇ, ಎಲ್ಲೈತೆ?” ಕೆಲವರು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಚಪ್ಪಲಿ ಹುಡುಕತೊಡಗಿದರು. ಹೋಳಿಗೆ ಊಟ ಬಿಟ್ಟು ನೆಂಟರು ಹೊರಟಿದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು!

ವೇದಿಕೆಯ ಮೇಲೆ ಮೇಷ್ಟ್ರು ಸಿದ್ದಕ್ಕನ ಭಾಗ ಓದಲು ಪುಸ್ತಕ ತೆರೆದರು. ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. ಕನ್ನಡಕ ಒರೆಸಿಕೊಂಡು ನನ್ನ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮುಂದಿನ ಸಾಲಿನಲ್ಲಿ ಸಿದ್ದಕ್ಕ ತಲೆ ಮೇಲೆ ಸೆರಗು ಹೊದ್ದು ಕಾಯುತ್ತಲೇ ಇದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಯಾರಾದರೂ ಕೇಳಿದರೆ ನನ್ನ ಪರಿಶ್ರಮ ತೋರಿಸೋಣವೆಂದು ಅಚ್ಚಿನವರಿಂದ ವಾಪಸು ಬಂದ ಮೂಲ ನೋಟ್‌ಬುಕ್ಕನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಯಾರೂ ಕೇಳಿರಲಿಲ್ಲ. ಆದರೂ ಓಡಿಹೋಗಿ ಮೇಷ್ಟ್ರ ಕೈಗಿಟ್ಟೆ.

ಅವರು ನಾನು ಹೊಡೆದುಹಾಕಿದ ಸಾಲುಗಳನ್ನೇ ಓದತೊಡಗಿದರು. ಹೆಸರು ಕೇಳಿಸಿದವರೆಲ್ಲ ತಿರುಗಿ ಬಂದು ಕೂತರು. ಕಣಕಟ್ಟೆ ಭಾವ ತಮ್ಮ ಹೆಸರಿಗೆ ತಾವೇ ಚಪ್ಪಾಳೆ ತಟ್ಟಿದರು! ‘ಸಿದ್ದಕ್ಕ ಬುತ್ತಿ ಕಟ್ಟಿಕೊಟ್ಟಳು’ ಎಂದು ನಾಲ್ಕನೇ ಸಲ ಬರುವ ಹೊತ್ತಿಗೆ ಹೋಳಿಗೆ ಬಡಿಸುವವರೂ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದರು. ನಿವೃತ್ತಿಯ ದಿನದ ಬುತ್ತಿ ಬಂದಾಗ ಸಿದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನೂ ಅತ್ತೆ. ಯಾಕೆ ಅಳುತ್ತೀ ಎಂದು ಯಾರೂ ಅಂಚಿನಲ್ಲಿ ಬರೆಯಲಿಲ್ಲ, ಪುಣ್ಯ.

ಆಮೇಲೆ ಸಿದ್ದಕ್ಕ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕರೆದರು. “ಇದ್ರಾಗೆ ನಾನೆಲ್ಲಿದೀನಿ, ತೋರ್ಸವ್ವ.”

ಅವರ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ.

“ನನ್ ಹೆಸ್ರಿಗೆ ಕೆಂಪು ಗೆರೆ ಎಳ್ದವ್ರೆ! ಆಚೆ ಈಚೆ ಇರೋದಕ್ಕೆ ಇಲ್ವಲ್ಲ. ಯಾರು ಎಳ್ದಿದ್ದು?”

“ಇವರೇ ಕಣಕ್ಕ” ಎಂದರು ಮೇಷ್ಟ್ರು, ನನ್ನ ಮುಖ ನೋಡದೆ.

ಸಿದ್ದಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. “ನನ್ ಹೆಸ್ರು ಎದ್ದು ಕಾಣ್ಲಿ ಅಂತ ಎಳ್ದಿದೀಯ. ದೊಡ್ಡ ಮನ್ಸು ಕಣವ್ವ ನಿಂದು.” ನಿಜ ಹೇಳುವ ಧೈರ್ಯ ನನಗಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಮೇಷ್ಟ್ರು ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದರು, ತಾವು ಬರೆದಿದ್ದಂತೆಯೇ. “ಎಡಿಟರ್ ಅಂತ ನನ್ನ ಹೆಸರು ಯಾಕೆ ಸಾರ್, ತೆಗೆದುಬಿಡಿ” ಎಂದೆ.

“ಹೆಸರು ತೆಗೆಯೋ ಕೆಲಸ ಇನ್ನು ಸಾಕು ಕಣಮ್ಮ” ಎಂದರು.

ಹಾಗಾಗಿ ಮೊದಲ ಪುಟದಲ್ಲಿ ನನ್ನ ಹೆಸರಿದೆ. ಒಳಗೆ ನನ್ನ ಕೈಚಳಕದ ಒಂದಕ್ಷರವೂ ಇಲ್ಲ. ಓದಿದವರೆಲ್ಲ ಎಡಿಟಿಂಗ್ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ!